ಮಾವನ ಸ್ಟೂಲ್ ರಿಪೋರ್ಟ್‌ನಲ್ಲಿ ಬ್ಯಾಕ್ಟೀರಿಯಾ ಹೆಸರು ಬಂದಿದೆ, ಏನು ಮಾಡಬೇಕು?

ವಿರಾಜಪೇಟೆಯಿಂದ:

ನನ್ನ ಮಾವನಿಗೆ 68 ವರ್ಷ. ಮೂರು ವಾರದಿಂದ ಹೊಟ್ಟೆ ಸರಿಯಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಹೋಗುತ್ತದೆ, ಜೊತೆಗೆ ಹೊಟ್ಟೆ ಉಬ್ಬರ. ಮಲ ಪರೀಕ್ಷೆ ಮಾಡಿಸಿದೆವು, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೂ ಸೇರಿ. ಕಲ್ಚರ್‌ನಲ್ಲಿ 'ಇ-ಕೋಲಿ ಬೆಳೆದಿದೆ' ಅಂತ ಬಂದಿದೆ, ಕೆಳಗೆ ಹತ್ತು ಹನ್ನೆರಡು ಆಂಟಿಬಯೋಟಿಕ್ ಹೆಸರು. ಡಾಕ್ಟರ್ ಸಿಗುವುದು ಸೋಮವಾರ. ಬೆಂಗಳೂರಿನಲ್ಲಿರುವ ಮೈದುನ, ಕರುಳಿನ ಬ್ಯಾಕ್ಟೀರಿಯಾಗಳ ಪೂರ್ತಿ ಲೆಕ್ಕ ಕೊಡುವ ಕಿಟ್ ಆನ್‌ಲೈನ್‌ನಲ್ಲಿ ತರಿಸೋಣ ಅನ್ನುತ್ತಿದ್ದಾನೆ. ಇಂಥ ರಿಪೋರ್ಟ್ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ನಾಪೋಕ್ಲುವಿನಿಂದ:

ತಂಗಿ, ಆ ಪಟ್ಟಿ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಮಾತ್ರ ಹೋಗಬೇಡಿ. ನಾವು ಹೋಗಿ ಕೆಟ್ಟೆವು. ಅದಕ್ಕೇ ಬೇರೆಲ್ಲ ಬಿಟ್ಟು ಇದನ್ನು ಮೊದಲು ಬರೆಯುತ್ತಿದ್ದೇನೆ.

ಇ-ಕೋಲಿ ನಿಮ್ಮ ಕರುಳಲ್ಲೂ ಇದೆ, ನನ್ನ ಕರುಳಲ್ಲೂ ಇದೆ. 1885ರಲ್ಲಿ ಥಿಯೋಡೋರ್ ಎಷರಿಶ್ ಎಂಬ ಮಕ್ಕಳ ವೈದ್ಯರು ಅದನ್ನು ಕಂಡದ್ದೇ ಎಳೆ ಕೂಸುಗಳ ಮಲದಲ್ಲಿ. ಮೂತ್ರದ ಕಲ್ಚರ್‌ನಲ್ಲಿ ಬಂದರೆ ಬೇರೆ ಮಾತು, ಅದು ಅಲ್ಲಿ ಇರಬೇಕಾದ್ದಲ್ಲ. ಮಲದಲ್ಲಿ ಅದು ಮನೆಯದೇ ಆಳು. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುತ್ತದಲ್ವಾ? ಗೊತ್ತಿರುವವರು ಹೆದರುವುದಿಲ್ಲ. ಇದೂ ಹಾಗೇ. ಭೇದಿ ತರುವ ಇ-ಕೋಲಿ ತಳಿಗಳೂ ಇವೆ, ನಿಜ. ಆದರೆ ಅವನ್ನು ಗುರುತಿಸುವುದಕ್ಕೆ ಬೇರೆ ಪರೀಕ್ಷೆ ಬೇಕು. ಬರೀ 'ಬೆಳೆದಿದೆ' ಅನ್ನುವುದರಿಂದ ಅದು ಗೊತ್ತಾಗುವುದಿಲ್ಲ.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಅಮ್ಮನಿಗೂ ಇದೇ ರಿಪೋರ್ಟ್ ಬಂದಿತ್ತು. ಮಾತ್ರೆಗಳ ಹೆಸರಿನ ಮುಂದೆ 'ಎಸ್', 'ಆರ್' ಅಂತ ಗುರುತು. 'ಎಸ್' ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, 'ಆರ್' ಅಂದರೆ ಬಗ್ಗುವುದಿಲ್ಲ. ಬಗ್ಗುತ್ತದೆ ಅಂದ ಮಾತ್ರಕ್ಕೆ ಕೊಡಲೇಬೇಕು ಅಂತಲ್ಲ. ಅದು ಆಗ ನಮಗೆ ತಿಳಿಯಲಿಲ್ಲ. 'ಎಸ್' ಇರುವ ಮಾತ್ರೆ ತಂದು ಐದು ದಿನ ಕೊಟ್ಟೆವು. ಮುಗಿದ ಮರುವಾರ ಭೇದಿ ದಿನಕ್ಕೆ ಹತ್ತು ಹನ್ನೆರಡು ಸಲಕ್ಕೆ ಏರಿತು. ಕರೆಂಟ್ ಇಲ್ಲದ ರಾತ್ರಿ. ಅಮ್ಮ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದು ಕೈ ಗೋಡೆಗೆ ಊರಿಕೊಂಡು ಹಿತ್ತಲ ಕಡೆ ನಡೆಯುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಆಸ್ಪತ್ರೆಗೆ ಸೇರಿಸಿದಾಗ ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ವಿಷ ಮಲದಲ್ಲಿ ಸಿಕ್ಕಿತು. ಆಂಟಿಬಯೋಟಿಕ್ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಸಾಯಿಸುತ್ತದೆ. ಜಾಗ ಖಾಲಿಯಾದಾಗ ಇದು ಹಬ್ಬುತ್ತದೆ. ವಯಸ್ಸಾದವರಿಗೆ ಅಪಾಯ ಜಾಸ್ತಿ. ಅದಕ್ಕೆ ಬೇರೆ ಔಷಧಿಯೇ ಬೇಕಾಯಿತು. ಅಮ್ಮ ಮತ್ತೆ ತೋಟದ ಕಡೆ ಹೋಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಹಾಗಾಗಿ ರಿಪೋರ್ಟ್‌ನಲ್ಲಿ ಬೇರೆ ಸಾಲುಗಳನ್ನು ಓದಿ. ಸಾಲ್ಮೊನೆಲ್ಲಾ, ಶಿಗೆಲ್ಲಾ ಬಗ್ಗೆ ಏನು ಬರೆದಿದ್ದಾರೆ? ಅವು ಹೊರಗಿನಿಂದ ಬಂದವು, ಇದ್ದರೆ ಅದಕ್ಕೆ ಅರ್ಥವಿದೆ. ಪಸ್ ಸೆಲ್, ಅಂದರೆ ಕೀವಿನ ಕಣ, ಎಷ್ಟು? ರಕ್ತದ ಕಣ ಇದೆಯಾ? ಕರುಳಿನಲ್ಲಿ ಉರಿಯೂತ ಇದೆಯೋ ಇಲ್ಲವೋ ಅನ್ನುವುದಕ್ಕೆ ಇ-ಕೋಲಿಗಿಂತ ಈ ಸಾಲುಗಳೇ ಹೆಚ್ಚು ಹೇಳುತ್ತವೆ.

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಮೂತ್ರ ಕಮ್ಮಿಯಾಗುವುದು, ಇವುಗಳಲ್ಲಿ ಯಾವುದಿದ್ದರೂ ಸೋಮವಾರ ಅಂತ ಕಾಯಬೇಡಿ. ಅಲ್ಲಿಯವರೆಗೆ ಓಆರ್‌ಎಸ್ ಕೊಡುತ್ತಿರಿ.

ಮಡಿಕೇರಿಯಿಂದ:

ನಾನು ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಅಕ್ಕ ಹೇಳಿದ್ದು ಸರಿ. ನಾನು ಕೇಳುವುದು, ಸ್ಯಾಂಪಲ್ ಹೇಗೆ ಕೊಟ್ಟಿರಿ? ಭಾಗಮಂಡಲದ ಕಡೆಯಿಂದ ಹಿಂದಿನ ರಾತ್ರಿಯದ್ದನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ತರುತ್ತಿದ್ದವರನ್ನು ನೋಡಿದ್ದೇನೆ. ಪಾಪ, ಅವರ ತಪ್ಪಲ್ಲ. ಆದರೆ ಅಷ್ಟು ಹೊತ್ತಿಗೆ ಶಿಗೆಲ್ಲಾದಂಥ ನಾಜೂಕಿನವು ಸತ್ತಿರುತ್ತವೆ, ಇ-ಕೋಲಿಯಂಥವು ಹೆಚ್ಚಿರುತ್ತವೆ. ಸುಮಾರು ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ದೂರದವರು ಮುಂಚೆಯೇ ಹೋಗಿ ಕಲ್ಚರ್‌ಗೆ ಸಾಗಿಸುವ ದ್ರವ ಇರುವ ಡಬ್ಬಿ ಕೇಳಿ ತಂದುಕೊಳ್ಳಿ. ಮೂತ್ರ, ನೀರು ಸೇರಬಾರದು. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಬೇಕು.

ಬ್ಯಾಕ್ಟೀರಿಯಾ ಅಲ್ಲದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. 'ಅಮೀಬಾ ಸಿಸ್ಟ್' (ಚಿಪ್ಪಿನೊಳಗೆ ಅಡಗಿರುವ ಅಮೀಬಾ) ಅಂತ ಬಂದರೂ ಗಡಿಬಿಡಿ ಬೇಡ. ಕಾಯಿಲೆ ತರುವ ಹಿಸ್ಟೊಲಿಟಿಕಾ, ಏನೂ ಮಾಡದ ಡಿಸ್ಪಾರ್, ಎರಡರ ಸಿಸ್ಟ್ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತದೆ.

ಸೋಮವಾರಪೇಟೆಯಿಂದ:

ನನ್ನದು ಎಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾದ ಕಥೆ. ಹೊಟ್ಟೆ ಉರಿಗೆ ಡಾಕ್ಟರ್ ಮಲದಲ್ಲಿ ಅದರ ಅಂಶ ಹುಡುಕುವ ಆಂಟಿಜೆನ್ ಟೆಸ್ಟ್ ಬರೆದರು. ನೆಗೆಟಿವ್ ಬಂತು. ಆಮೇಲೆ ಕೇಳಿದರೆ, ದಿನಾ ಬೆಳಿಗ್ಗೆ ನುಂಗುತ್ತಿದ್ದ ಪ್ಯಾಂಟೊಪ್ರಜೋಲ್ ಎಂಬ ಆಮ್ಲ ತಗ್ಗಿಸುವ ಮಾತ್ರೆ ಎರಡು ವಾರ ನಿಲ್ಲಿಸಿ ಕೊಡಬೇಕಿತ್ತಂತೆ. ಆಂಟಿಬಯೋಟಿಕ್ ತಗೊಂಡಿದ್ದರೆ ನಾಲ್ಕು ವಾರ ಬಿಟ್ಟು. ಡಾಕ್ಟರ್ ಹೇಳಿದ ಹಾಗೆ ನಿಲ್ಲಿಸಿ ಮತ್ತೆ ಕೊಟ್ಟೆ, ಪಾಸಿಟಿವ್. ಇದು ಇ-ಕೋಲಿ ಥರ ಅಲ್ಲ, ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ. ಒಂದೊಂದು ಹೆಸರಿಗೆ ಒಂದೊಂದು ನ್ಯಾಯ.

ಕುಶಾಲನಗರದಿಂದ:

ಆ ಕಿಟ್ ನಾನು ಮಾಡಿಸಿದ್ದೆ. ಸಾವಿರಾರು ರೂಪಾಯಿ ಕೊಟ್ಟೆ, ಬಣ್ಣಬಣ್ಣದ ಹಾಳೆಗಳು ಬಂದವು. 'ಫರ್ಮಿಕ್ಯೂಟ್ಸ್ ಜಾಸ್ತಿ, ಬ್ಯಾಕ್ಟೀರಾಯ್ಡಿಟೀಸ್ ಕಮ್ಮಿ' ಅಂತ ಕೆಂಪು ಗುರುತು. ಎರಡೂ ಕರುಳಿನ ಬ್ಯಾಕ್ಟೀರಿಯಾಗಳ ದೊಡ್ಡ ಗುಂಪುಗಳ ಹೆಸರು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮೈಸೂರಿನ ಹೊಟ್ಟೆ ತಜ್ಞರಿಗೆ ತೋರಿಸಿದೆ. ಇವು ಇಷ್ಟೇ ಇರಬೇಕು ಅನ್ನುವ ಒಪ್ಪಿತ ಅಳತೆ ಇನ್ನೂ ಇಲ್ಲ, ಊಟ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಇದನ್ನು ನೋಡಿ ಔಷಧಿ ಬರೆಯಲಾರೆ ಅಂದರು.

ಆಮೇಲೆ ಓದಿದ್ದು: 2024ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಕಾಫಿ ಕುಡಿಯುವವರ ಕರುಳಲ್ಲಿ ಲಾಸೋನಿಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಬಹಳ ಜಾಸ್ತಿ ಕಂಡಿದೆ. ಕಾಫಿ ಬೆಳೆಯುವ ನಮ್ಮ ಜಿಲ್ಲೆಯವರ ಹೊಟ್ಟೆ ನೋಡಿದರೆ ಏನು ಹೇಳುತ್ತಾರೋ! ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಮೈದುನನಿಗೆ ಹೇಳಿ, ಆ ದುಡ್ಡು ಉಳಿಸಲಿ. ಕರುಳಿನ ಉರಿಯೂತ ತಿಳಿಯಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಟೆಸ್ಟ್ ಇದೆ. ಬೇಕಾದರೆ ಡಾಕ್ಟರೇ ಬರೆಯುತ್ತಾರೆ. ನೋವಿನ ಮಾತ್ರೆ ನುಂಗುತ್ತಿದ್ದರೆ ಅದು ಏರಬಹುದು, ಅದನ್ನೂ ಅವರಿಗೆ ಹೇಳಿ.

ನಾಪೋಕ್ಲುವಿನಿಂದ:

ತಂಗಿ, ಕೇಳಲು ಮರೆತೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆಯಾ? ಮೆಟ್‌ಫಾರ್ಮಿನ್ ಶುರು ಮಾಡಿದಾಗ, ಡೋಸ್ ಏರಿಸಿದಾಗ ತುಂಬಾ ಜನಕ್ಕೆ ಹೀಗೆ ಭೇದಿ, ಉಬ್ಬರ ಆಗುತ್ತದೆ. ಇದ್ದರೂ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ವಿರಾಜಪೇಟೆಯಿಂದ:

ಇದೆ ಅಕ್ಕ. ಹುತ್ತರಿ ಹಬ್ಬ ಆದ ಮೇಲೆ ಒಂದು ಹೊತ್ತಿನದನ್ನು ಎರಡು ಹೊತ್ತು ಮಾಡಿದ್ದಾರೆ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ರಕ್ತ, ಜ್ವರ ಇಲ್ಲ. ಪಸ್ ಸೆಲ್ ಒಂದೆರಡು ಅಂತ ಇದೆ. ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆದಿಲ್ಲ. ಹಳೇ ಚೀಟಿ ಹುಡುಕಿ ರಿಪೋರ್ಟ್ ಜೊತೆ ಇಟ್ಟಿದ್ದೇನೆ. ಸೋಮವಾರ ಎರಡನ್ನೂ ತಗೊಂಡು ಹೋಗುತ್ತೇವೆ.