ಅಜ್ಜ-ಅಜ್ಜಿಯರು ‘ಛಲೋ ಐತಿ’ ಅಂದುಬಿಟ್ಟರೆ ಮುಂದೇನು ಕೇಳಬೇಕು?

ಕೇಳಿದವರು, ಬೆಳಗಾವಿ:
ನಾವು ನಾಲ್ಕು ಜನ ಕೊನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ವಯಸ್ಸಾದವರಿಗೆ ಒಂದು ವಾಕರ್ ಮಾಡುತ್ತಿದ್ದೇವೆ. ಜಾಸ್ತಿ ವಾಲಿದರೆ ಬಝರ್ ಕೂಗುತ್ತದೆ, ಕತ್ತಲಾದರೆ ದೀಪ ಹತ್ತುತ್ತದೆ. 20 ಪ್ರಶ್ನೆಗಳ ಫಾರ್ಮ್ ಹಿಡಿದುಕೊಂಡು ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. 15 ಜನರೂ ‘ಛಲೋ ಐತಿ’ ಅಂದರು. ಒಬ್ಬರೂ ಒಂದು ತಪ್ಪು ಹೇಳಲಿಲ್ಲ. ನಿಜವಾದ ಅಭಿಪ್ರಾಯ ಪಡೆಯುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಾಗಲಕೋಟೆಯಿಂದ:
ನಮಗೂ ಹೀಗೇ ಆಗಿತ್ತು. ಸಣ್ಣ ವರ್ಕ್‌ಶಾಪಿನಲ್ಲಿ ಎತ್ತರ ಹೊಂದಿಸಬಹುದಾದ ಅಲ್ಯೂಮಿನಿಯಂ ಊರುಗೋಲು ಮಾಡಿ 12 ಜನರಿಗೆ ಕೊಟ್ಟಿದ್ದೆವು. ಕೇಳಿದಾಗ ಎಲ್ಲರದ್ದೂ ಒಂದೇ ಮಾತು. ಮನೆಗೆ ಬಂದ ಹುಡುಗರು, ಕಷ್ಟಪಟ್ಟು ಮಾಡಿಕೊಂಡು ಬಂದಿದ್ದಾರೆ, ಅವರ ಮುಂದೆ ಹೇಗೆ ಹೆಸರಿಡುವುದು ಅಂತ ಹಿರಿಯರಿಗೆ ಸಂಕೋಚ. ಅದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯನ್ನೇ ನಾವು ಉತ್ತರ ಅಂತ ಬರೆದುಕೊಂಡು ಬಂದೆವು.

ಆಮೇಲೆ ‘ಹೇಗಿದೆ’ ಅನ್ನೋ ಪ್ರಶ್ನೆಯನ್ನೇ ಬಿಟ್ಟೆವು. ನಡೆದದ್ದನ್ನು ಕೇಳತೊಡಗಿದೆವು. ಒಬ್ಬ ಅಜ್ಜಿಗೆ, ‘ನಿನ್ನೆ ರಾತ್ರಿ ಎದ್ದಾಗ ಕೋಲು ಎಲ್ಲಿತ್ತು?’ ಅಂತ ಕೇಳಿದೆ. ‘ಬಾಗಲದಾಗ ಇತ್ತಪ್ಪಾ’ ಅಂದರು. ಹಾಗಾದರೆ ಬಚ್ಚಲಿಗೆ ಹೇಗೆ ಹೋದಿರಿ? ಗೋಡೆ ಹಿಡಿದುಕೊಂಡು. ಯಾಕೆ? ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದರು: ‘ಅದು ಟಕ್ ಟಕ್ ಅಂತೈತಿ. ಕೂಸು ಎದ್ದು ಬಿಡತೈತಿ.’ ಮನೆಯಲ್ಲಿ ಮೊಮ್ಮಗಳ ಬಾಣಂತನ ನಡೆದಿತ್ತು. ಕೋಲಿನ ಒಳಗೊಳವೆಗೂ ಹೊರಗೊಳವೆಗೂ ನಡುವೆ ಕೂದಲೆಳೆಯಷ್ಟು ಸಡಿಲ ಇತ್ತು. ಫರಸಿ ಕಲ್ಲಿನ ಮೇಲೆ ಊರಿದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. ಬೀಳುವ ಅಪಾಯ ಹೆಚ್ಚಿರುವ ರಾತ್ರಿ ಹೊತ್ತಿನಲ್ಲೇ ನಮ್ಮ ಕೋಲು ಬಾಗಿಲ ಹಿಂದೆ ನಿಂತಿರುತ್ತಿತ್ತು. ಯಾವ ಫಾರ್ಮಿನಲ್ಲಿ ಈ ಪ್ರಶ್ನೆ ಇರುತ್ತದೆ ಹೇಳಿ?

ಹೋದಾಗ ಕೋಲನ್ನೂ ತಿರುಗಿಸಿ ನೋಡಿ. ತುದಿಯ ರಬ್ಬರ್ ಒಂದೇ ಮಗ್ಗುಲಿಗೆ ಸವೆದಿದ್ದರೆ ಓರೆಯಾಗಿ ಊರುತ್ತಿದ್ದಾರೆ ಅಂತ ಅರ್ಥ. ಹಲವು ಸಲ ಎತ್ತರವೇ ತಪ್ಪಿರುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ನಾವು ಚಪ್ಪಲಿ ಹಾಕಿಸಿ ಅಳತೆ ತಗೊಂಡಿದ್ದೆವು, ಅವರು ಮನೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದರು.

ಜಾಗದ್ದೂ ಒಂದು ಮಾತು. ನಾವು ಪರೀಕ್ಷೆ ಮಾಡಿದ್ದು ನವನಗರದಲ್ಲಿ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳಕೊಂಡವರಿಗಾಗಿ ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ಊರು, ರಸ್ತೆ ಅಗಲ. ಬಳಸಿದವರಲ್ಲಿ ಅರ್ಧ ಜನ ಹಳೇ ಊರಿನ ಓಣಿಯವರು. ಅಲ್ಲಿ ಕಟ್ಟೆ, ಮೆಟ್ಟಿಲು, ಎತ್ತರದ ಹೊಸ್ತಿಲು. ಹಳ್ಳಿಗೆ ಹೋದರೆ ಮಳೆಗಾಲದ ಎರೆಮಣ್ಣು, ನಾಲ್ಕು ಹೆಜ್ಜೆಗೆ ಕೋಲಿನ ತುದಿಗೆ ಉಂಡೆ ಕಟ್ಟುತ್ತದೆ. ನಿಮ್ಮ ವಾಕರ್‌ಗೆ ನಾಲ್ಕು ಕಾಲು. ಹೊಸ್ತಿಲು ದಾಟಿಸಿ ನೋಡಿದಿರಾ?

ವಿಜಯಪುರದಿಂದ:
ಬಝರ್ ಬಗ್ಗೆ ಹೇಳಲೇಬೇಕು. ಅವ್ವನಿಗೆ ಗುಳಿಗೆ ನೆನಪಿಸುವ ಡಬ್ಬಿ ತಂದಿದ್ದೆ. ಅದು ಪಕ್ಕದಲ್ಲೇ ಕೂಗುತ್ತಿದ್ದರೂ ಅವ್ವ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ನಾನು ಮರೆವು ಅಂದುಕೊಂಡು ಬೈದೆ. ಆ ಬೇಜಾರು ಇನ್ನೂ ಹೋಗಿಲ್ಲ. ಸಣ್ಣ ಬಝರ್‌ಗಳು ಹೆಚ್ಚಾಗಿ 2000ರಿಂದ 4000 ಹರ್ಟ್ಜ್ ಸುತ್ತ ಕೀಚಲಾಗಿ ಕೂಗುತ್ತವೆ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಆ ಕೀಚಲು ಸದ್ದುಗಳನ್ನೇ. 500 ಹರ್ಟ್ಜ್ ಆಸುಪಾಸಿನ ದಪ್ಪ ದನಿ ಇಡಿ, ಜೊತೆಗೆ ಕೈಗೆ ನಡುಗುವ ವೈಬ್ರೇಷನ್ ಕೊಡಿ.

ಇನ್ನೊಂದು, ಪಕ್ಕದಲ್ಲಿ ಮಗನೋ ಸೊಸೆಯೋ ಇದ್ದರೆ ಅವರೇ ಉತ್ತರ ಕೊಡುತ್ತಾರೆ. ಅವರ ಮಾತೂ ಬೇಕು, ಆದರೆ ಬೇರೆ ಕೂತು ಕೇಳಿ.

ಬೆಳಗಾವಿಯಿಂದ, ಫಿಸಿಯೋಥೆರಪಿ ಮಾಡುವವರು:
ಮೊದಲು ಜೋಪಾನ. ಅರೆಬರೆ ವಾಕರ್ ಕೊಟ್ಟು ನಡೆಸಬೇಡಿ. ಒಬ್ಬರು ಪಕ್ಕದಲ್ಲೇ ಇರಬೇಕು, ಹಿಂದೆ ಕುರ್ಚಿ ಇರಬೇಕು, ನೆಲ ಒಣಗಿರಬೇಕು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನಂತೆ ನಡೆಯುವುದೇ ಇಲ್ಲ.

ಒಂದೇ ಮಾದರಿ ಒಯ್ಯಬೇಡಿ, ಎರಡು ಒಯ್ಯಿರಿ. ಒಂದನ್ನೇ ಇಟ್ಟರೆ ಹಿರಿಯರು ‘ಬ್ಯಾಡ’ ಅನ್ನುವುದಿಲ್ಲ. ಎರಡು ಇಟ್ಟರೆ ‘ಇದಕ್ಕಿಂತ ಅದು ವಾಸಿ, ಇದು ಭಾರ’ ಅಂತ ತಾವಾಗೇ ಹೇಳುತ್ತಾರೆ. ಬಣ್ಣ ಹೊಡೆದು ಮಿರಮಿರ ಮಾಡಿ ಕೂಡ ಒಯ್ಯಬೇಡಿ. ಟೇಪ್ ಸುತ್ತಿದ ಪೈಪಿಗೆ ತಪ್ಪು ಹೇಳಲು ಯಾರಿಗೂ ಸಂಕೋಚ ಇಲ್ಲ.

2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಕೋಲು, ವಾಕರ್, ಕಿವಿಯ ಮಷೀನು, ಗಾಲಿಕುರ್ಚಿ ಉಚಿತವಾಗಿ ಕೊಡುತ್ತಾರೆ. ಅವನ್ನು ಪಡೆದವರ ಮನೆ ಹುಡುಕಿ. ದಿನಾ ಬಳಸುವವರನ್ನೂ ನೋಡಿ, ಅಟ್ಟಕ್ಕೆ ಹಾಕಿದವರನ್ನೂ ನೋಡಿ. ನಿಮ್ಮ ವಾಕರ್ ಬಗ್ಗೆ ಬಾಯಿ ಬಿಡದವರು ಹಳೇ ವಾಕರ್ ಯಾಕೆ ಅಟ್ಟ ಸೇರಿತು ಅಂತ ಅರ್ಧ ಗಂಟೆ ಮಾತಾಡುತ್ತಾರೆ.

ಬಾಗಲಕೋಟೆಯಿಂದ, ಮತ್ತೆ:
ಮುಖ್ಯವಾದದ್ದನ್ನೇ ಬರೆಯಲಿಲ್ಲ. ಒಂದು ಸಲ ಕೇಳಿ ಬಿಟ್ಟುಬಿಡಬೇಡಿ. ನಾವು ಗೊಳವೆಗಳ ನಡುವೆ ಪ್ಲಾಸ್ಟಿಕ್ ಬುಶ್ ಕೂರಿಸಿ, ಹಿಡಿಗೆ ದಪ್ಪನೆಯ ರಬ್ಬರ್ ಹಾಕಿ, ಆ ಅಜ್ಜಿಯ ಮನೆಗೆ ಮತ್ತೆ ಹೋದೆವು. ಕೋಲನ್ನು ಫರಸಿಗೆ ಎರಡು ಸಲ ಕುಟ್ಟಿ ಕಿವಿಗೊಟ್ಟು ಕೇಳಿದರು. ಆಮೇಲೆ ನನ್ನ ಮುಖ ನೋಡಿ, ‘ಸದ್ದು ಹೋತು. ಹಿಡಿ ಮಾತ್ರ ಭಾಳ ದಪ್ಪ ಮಾಡೀರಿ, ನನ್ನ ಬೆರಳು ಮುಚ್ಚೂದಿಲ್ಲ. ತಗೊಂಡ್ ಹೋಗಿ ಸಣ್ಣದು ಮಾಡಿಕೊಂಡ್ ಬಾ’ ಅಂದರು. ಮೂರು ಭೇಟಿಯಲ್ಲಿ ಅವರು ಮೊದಲ ಸಲ ತಾವಾಗೇ ಹೇಳಿದ ತಪ್ಪು ಅದು. ಆಮೇಲೆ ಫೋನ್ ಮಾಡಿಯೂ ಹೇಳುತ್ತಿದ್ದರು.