ರಸ್ಟ್‌ನಲ್ಲಿ ಬರೆದ ಸೊಲಾನಾ ಪ್ರೋಗ್ರಾಂ: ಮತಗಳ ಎಣಿಕೆಯನ್ನು ಎಲ್ಲಿ ಉಳಿಸಬೇಕು?

ಪ್ರಶ್ನೆ:
ಸೊಲಾನಾ ಬ್ಲಾಕ್‌ಚೈನ್‌ಗಾಗಿ ರಸ್ಟ್ ಭಾಷೆಯಲ್ಲಿ ಮತದಾನದ ಪ್ರೋಗ್ರಾಂ ಒಂದನ್ನು, ಯಾವ ಫ್ರೇಮ್‌ವರ್ಕನ್ನೂ ಬಳಸದೆ, ಬರೆಯುತ್ತಿದ್ದೇನೆ. ಎಣಿಕೆಯನ್ನು ಬದಲಾಯಿಸಬಹುದಾದ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಇಟ್ಟಾಗ ಡಿಪ್ಲಾಯ್ ಆಗಲೇ ಇಲ್ಲ. ಆಮೇಲೆ ಪ್ರತ್ಯೇಕ ಅಕೌಂಟ್ (ಬ್ಲಾಕ್‌ಚೈನ್‌ನಲ್ಲಿ ಡೇಟಾ ಇಡುವ ಜಾಗ) ತೆರೆದು, ಅದರ ಡೇಟಾವನ್ನು ಬೋರ್ಶ್ (ಡೇಟಾವನ್ನು ಬೈಟ್‌ಗಳಾಗಿ ಬರೆಯುವ, ಓದುವ ವಿಧಾನ) ಮೂಲಕ ಸ್ಟ್ರಕ್ಟ್ ಆಗಿ ಓದಿ, ಎಣಿಕೆಗೆ ಒಂದನ್ನು ಕೂಡಿಸಿದೆ. ಟ್ರಾನ್ಸಾಕ್ಷನ್ ಯಶಸ್ವಿಯಾಗುತ್ತದೆ; ಆದರೂ ಮುಂದಿನ ಕರೆಯಲ್ಲಿ ಎಣಿಕೆ ಮತ್ತೆ ಸೊನ್ನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1:
ಸೊಲಾನಾದಲ್ಲಿ ಪ್ರೋಗ್ರಾಂ ಎಂದರೆ ಕೋಡ್ ಮಾತ್ರ. ಕರೆ ಮುಗಿದೊಡನೆ ಅದರ ಸ್ಟ್ಯಾಕ್ ಮತ್ತು ಹೀಪ್ ಅಳಿದುಹೋಗುತ್ತವೆ. ಉಳಿಯುವುದು ಅಕೌಂಟ್‌ಗಳಲ್ಲಿರುವ ಬೈಟ್‌ಗಳಷ್ಟೇ. ಬೋರ್ಶ್ ನಿಮಗೆ ಕೊಡುವುದು ಆ ಬೈಟ್‌ಗಳಿಂದ ಕಟ್ಟಿದ ಬೇರೊಂದು ಪ್ರತಿಯನ್ನು. ನೀವು ಕೂಡಿಸಿದ ಒಂದು ಆ ಪ್ರತಿಯಲ್ಲೇ ಉಳಿದು, ಅದರೊಂದಿಗೇ ಕಳೆದುಹೋಗಿದೆ. ಬದಲಾದ ಸ್ಟ್ರಕ್ಟನ್ನು ಸೀರಿಯಲೈಸ್ ಮಾಡಿ, ಅಂದರೆ ಬೈಟ್‌ಗಳಾಗಿಸಿ, ಅಕೌಂಟಿನ ಡೇಟಾಕ್ಕೆ ಮರಳಿ ಬರೆಯಿರಿ. ಆ್ಯಂಕರ್ ಎಂಬ ಫ್ರೇಮ್‌ವರ್ಕ್ ಬಳಸಿದ್ದರೆ ಈ ಕೆಲಸವನ್ನು ಅದೇ ಮಾಡುತ್ತಿತ್ತು. ಆದರೂ ಒಮ್ಮೆಯಾದರೂ ಕೈಯಾರೆ ಬರೆದು ನೋಡುವುದು ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ.

ಇನ್ನೊಂದು ಮಾತು: ಕರೆಯುವವರು ಯಾವ ಅಕೌಂಟನ್ನು ಬೇಕಾದರೂ ಕಳುಹಿಸಬಹುದಾದ್ದರಿಂದ, ಓದುವ ಮೊದಲೇ ಅದರ ಓನರ್ ನಿಮ್ಮ ಪ್ರೋಗ್ರಾಮೇ ಎಂದು ಪರೀಕ್ಷಿಸಿ. ಅದಿಲ್ಲದಿದ್ದರೆ ಬೇರೆ ಪ್ರೋಗ್ರಾಂ ಸೃಷ್ಟಿಸಿದ ನಕಲಿ ಡೇಟಾವನ್ನೂ ನಿಮ್ಮ ಕೋಡ್ ನಿಜವೆಂದು ನಂಬುತ್ತದೆ.

ಉತ್ತರ 2:
ಮತ ಹಾಕಿದವರ ಪಟ್ಟಿಯನ್ನೂ ಅದೇ ಅಕೌಂಟಿನ ವೆಕ್ಟರ್‌ಗೆ ತುಂಬಬೇಡಿ. ಅಕೌಂಟಿನ ಗರಿಷ್ಠ ಗಾತ್ರ 10 ಎಂಬಿ. ಅದಕ್ಕೂ ಮುಂಚೆಯೇ, ಪ್ರತಿ ಮತಕ್ಕೂ ಇಡೀ ಪಟ್ಟಿಯನ್ನು ಓದಿ ಬರೆಯುವ ಕಂಪ್ಯೂಟ್ ಖರ್ಚು ಮಿತಿ ಮೀರುತ್ತದೆ. ಅದರ ಬದಲು ಚುನಾವಣೆಯ ವಿಳಾಸ ಮತ್ತು ಮತದಾರರ ಪಬ್ಲಿಕ್ ಕೀ ಇವೆರಡನ್ನೂ ಸೀಡ್‌ಗಳಾಗಿ ಕೊಟ್ಟು, ಪ್ರತಿಯೊಬ್ಬರಿಗೂ ಒಂದು ಪಿಡಿಎ (ಸೀಡ್‌ಗಳು ಮತ್ತು ಪ್ರೋಗ್ರಾಂ ವಿಳಾಸದಿಂದ ಲೆಕ್ಕಹಾಕಿದ ವಿಳಾಸವುಳ್ಳ ಅಕೌಂಟ್) ಸೃಷ್ಟಿಸಿ. ಅದೇ ಸೀಡ್‌ಗಳಿಂದ ಯಾವಾಗಲೂ ಅದೇ ವಿಳಾಸ ಸಿಗುವುದರಿಂದ, ಎರಡನೆಯ ಬಾರಿ ಮತ ಹಾಕಲು ಬಂದವರಿಗೆ ಅಕೌಂಟ್ ಸೃಷ್ಟಿಯ ಹಂತದಲ್ಲೇ ತಡೆ ಬೀಳುತ್ತದೆ. ಮತದಾರರು ಸಹಿ ಹಾಕಿದ್ದಾರೆಯೇ ಎಂಬುದನ್ನು ಮಾತ್ರ ನೀವೇ ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರು:
ಮರಳಿ ಬರೆಯುವ ಸಾಲೇ ಬಿಟ್ಟುಹೋಗಿತ್ತು. ಈಗ ಎಣಿಕೆ ಉಳಿಯುತ್ತಿದೆ. ಇಬ್ಬರಿಗೂ ಧನ್ಯವಾದಗಳು. ಮತ ದಾಖಲಾದ ಕೂಡಲೇ ಆ ಪಿಡಿಎಯನ್ನು ಮುಚ್ಚಿ, ರೆಂಟ್‌ಗಾಗಿ (ಅಕೌಂಟ್ ಉಳಿಸಿಕೊಳ್ಳಲು ಇಡುವ ಠೇವಣಿ) ಇಟ್ಟ ಲ್ಯಾಂಪೋರ್ಟ್‌ಗಳನ್ನು (ಸೊಲಾನಾ ನಾಣ್ಯದ ಅತಿ ಚಿಕ್ಕ ಘಟಕ) ಮತದಾರರಿಗೆ ಹಿಂದಿರುಗಿಸಬಹುದೇ?

ಉತ್ತರ 2 ಬರೆದವರು:
ಮತದಾನ ಮುಗಿಯುವವರೆಗೆ ಬೇಡ. ಮುಚ್ಚಿದರೆ ಆ ವಿಳಾಸ ಖಾಲಿಯಾಗಿ, ಅದೇ ವ್ಯಕ್ತಿ ಮತ್ತೊಮ್ಮೆ ಮತ ಹಾಕಬಹುದು. ಮುಕ್ತಾಯದ ಸಮಯವನ್ನು ಚುನಾವಣೆಯ ಅಕೌಂಟಿನಲ್ಲೇ ಇಟ್ಟು, ಅದು ದಾಟಿದ ಮೇಲೆ ಹೊಸ ಮತಗಳನ್ನು ನಿರಾಕರಿಸಿ, ಮುಚ್ಚಲು ಅನುಮತಿ ಕೊಡಿ.