ಅಜ್ಜಿ ತೀರ್ಕೊಂಡ ಮಗುವಿಗೆ ಏನ್ ಉತ್ತರ ಹೇಳ್ಲಿ?

ಶಿಡ್ಲಘಟ್ಟದ ಟೀಚರ್:
ಎಲ್ರಿಗೂ ನಮಸ್ಕಾರ. ಶಿಡ್ಲಘಟ್ಟ ಹತ್ರ ಒಂದ್ ಸಣ್ಣ ಸಭೇಲಿ, ಅಂದ್ರೆ ಚರ್ಚಲ್ಲಿ, ಆರು ವರ್ಷದಿಂದ ಸಂಡೇ ಸ್ಕೂಲ್ ನಡೆಸ್ತಿದೀನಿ. ಹೋದ ವಾರ ಕ್ಲಾಸ್ ಮುಗಿದ್ಮೇಲೆ ಒಂಬತ್ತನೇ ಕ್ಲಾಸ್ ಹುಡುಗಿ ಒಬ್ಳು ಚಾಪೆ ಸುತ್ತುತಾ ಸುತ್ತುತಾ "ಆಂಟಿ, ನಮ್ಮಜ್ಜಿ ಈಗ ನರಕದಲ್ಲಿದಾರಾ?" ಅಂತ ಕೇಳಿದ್ಲು. ಅವತ್ತು ಬೈಬಲ್ಲಿನ ಯೋಹಾನ 14:6 ಕಂಠಪಾಠ ಮಾಡಿಸಿದ್ದೆ, ನನ್ನ ಮೂಲಕವೇ ಹೊರತು ಯಾರೂ ತಂದೆಯ ಹತ್ರ ಬರಲ್ಲ ಅಂತ ಯೇಸು ಹೇಳೋ ವಾಕ್ಯ, ಅದನ್ನ ಎಲ್ಲರಿಗಿಂತ ಮೊದಲು ತಪ್ಪಿಲ್ದೆ ಒಪ್ಪಿಸಿದ್ದೇ ಅವ್ಳು.

ಅಜ್ಜಿ ಹೋಗಿ ಇನ್ನೂ ಒಂದ್ ತಿಂಗ್ಳೂ ಆಗಿಲ್ಲ. ಆ ಮನೇಲಿ ಸಭೆಗೆ ಬರೋದು ಅಮ್ಮ ಮಕ್ಳು ಮಾತ್ರ, ಅಜ್ಜಿ ಕಡೇವರ್ಗೂ ಗಂಗಮ್ಮಂಗೆ ತಂಬಿಟ್ಟಿನ ಆರತಿ ತಗೊಂಡ್ ಹೋಗ್ತಿದ್ದೋರು. ಕತ್ಲಲ್ಲೇ ಎದ್ದು ಹಿಪ್ಪುನೇರಳೆ ಸೊಪ್ಪು ಕುಯ್ಕೊಂಡ್ ಬಂದು ಹುಳಕ್ಕೆ ಹಾಕಿ ಆ ಸಂಸಾರ ಸಾಕಿದ್ದೂ ಅವ್ರೇ, ಭಾನುವಾರ ಮೊಮ್ಮಗಳಿಗೆ ಜಡೆ ಹಾಕಿ ಸಭೆಗೆ ಹೊತ್ತಾಯ್ತು ಓಡೇ ಅಂತ ಕಳಿಸ್ತಿದ್ದೂ ಅವ್ರೇ. ನಾನು "ಆಮೇಲೆ ಮಾತಾಡೋಣ" ಅಂದ್ಬಿಟ್ಟೆ. ಅವ್ಳು ಸುಮ್ನೆ ಹೋದ್ಲು, ನಂಗೆ ಅವತ್ತಿಂದ ನಿದ್ದೆ ಸರಿ ಇಲ್ಲ. ಹೌದು ಅನ್ನಕ್ಕೆ ಬಾಯಿ ಬರಲ್ಲ, ಇಲ್ಲ ಅಂದ್ರೆ ನಾನೇ ಕಲಿಸಿದ ವಾಕ್ಯ ನಾನೇ ಸುಳ್ಳು ಮಾಡ್ದಂಗಾಗುತ್ತಲ್ಲ. ಯಾರಾದ್ರೂ ಹೇಳಿ.

ಸತ್ಯವೇದ ವಿದ್ಯಾರ್ಥಿ:
ಸಿಸ್ಟರ್, ಅಪೊಸ್ತಲರ ಕೃತ್ಯಗಳು 4:12 ಓದಿ. ಯೇಸು ಬಿಟ್ಟು ಬೇರೆ ಯಾರಲ್ಲೂ ರಕ್ಷಣೆ, ಅಂದ್ರೆ ಪಾಪದಿಂದ ಬಿಡುಗಡೆ, ಇಲ್ಲ ಅಂತ ಯೇಸುವಿನ ಶಿಷ್ಯ ಪೇತ್ರ ಹೇಳಿದಾನೆ. ಚಿಕ್ಕ ಹುಡುಗಿ ಅಂತ ಸತ್ಯ ಮುಚ್ಚಿಟ್ರೆ ಅದು ಪ್ರೀತಿ ಅಲ್ಲ.

ಕೆಜಿಎಫ್ ಹಿರಿಯ:
ತಮ್ಮಾ, ಆ ವಾಕ್ಯ ನಾನೂ ನಂಬ್ತೀನಿ. ರಕ್ಷಣೆ ಯಾರಿಂದ ಅಂತ ಅದು ಹೇಳುತ್ತೆ, ಇಂಥಾ ಅಜ್ಜಿ ಎಲ್ಲಿದಾಳೆ ಅಂತ ತೀರ್ಪು ಕೊಡೋ ಕುರ್ಚಿ ನಮಗೆ ಕೊಡಲ್ಲ. ಆದಿಕಾಂಡ 18ರಲ್ಲಿ ಅಬ್ರಹಾಮ ನಾಶ ಆಗ್ಬೇಕಿದ್ದ ಸೊದೋಮ್ ಊರಿನ ಜನಕ್ಕೋಸ್ಕರ ದೇವರ ಹತ್ರಾನೇ ವಾದ ಮಾಡ್ತಾನಲ್ಲ, ಲೋಕಕ್ಕೆಲ್ಲಾ ನ್ಯಾಯ ತೀರಿಸೋನು ನ್ಯಾಯ ಬಿಟ್ಟು ಇನ್ನೇನ್ ಮಾಡ್ತಾನೆ ಅಂತ, ನಾನು ಅದನ್ನೇ ಗಟ್ಟಿಯಾಗಿ ಹಿಡ್ಕೊಂಡಿದೀನಿ. ರೋಮಾಪುರ 2:14-16ರಲ್ಲಿ ಮೋಶೆಯ ಧರ್ಮಶಾಸ್ತ್ರ ಗೊತ್ತಿಲ್ದಿರೋರ ಹೃದಯದಲ್ಲೂ ಅದು ಬರೆದಿದೆ ಅಂತ ಪೌಲ ಬರೀತಾನೆ.

ತಂಗಿ ಟೀಚರಮ್ಮ, ಇದರಲ್ಲಿ ಕ್ರೈಸ್ತರೆಲ್ಲಾ ಒಂದೇ ಮಾತಾಡಲ್ಲ ಅನ್ನೋದನ್ನೂ ಆ ಮಗೂಗೆ ಹೇಳಿ. ಈ ತಮ್ಮ ಹೇಳಿದಂಗೆ ಬಾಯಲ್ಲಿ ಯೇಸುವನ್ನ ಒಪ್ಕೊಳ್ದೆ ರಕ್ಷಣೆ ಇಲ್ಲ ಅನ್ನೋ ಸಭೆಗಳಿವೆ. ಕ್ಯಾಥೊಲಿಕ್ ಸಭೆ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೇಲಿ, ತಮ್ಮ ತಪ್ಪಿಲ್ದೆ ಸುವಾರ್ತೆ, ಅಂದ್ರೆ ಯೇಸುವಿನ ಸಿಹಿ ಸುದ್ದಿ, ತಿಳೀದೆ ಇದ್ದು ಪ್ರಾಮಾಣಿಕ ಮನಸ್ಸಿಂದ ದೇವರನ್ನ ಹುಡುಕೋರಿಗೂ ರಕ್ಷಣೆ ಸಿಗಬಹುದು ಅಂತ ಬರೆದಿಟ್ಟಿದೆ. ಹುಡುಗಿ ಒಂಬತ್ತನೇ ಕ್ಲಾಸು, ಅಷ್ಟು ಅರ್ಥ ಮಾಡ್ಕೊಳ್ತಾಳೆ.

ನನ್ ಅನುಭವ ಹೇಳ್ತೀನಿ. ನಮ್ಮಪ್ಪ ಚಾಂಪಿಯನ್ ರೀಫ್ಸ್ ಗಣೀಲಿ ಕೆಲಸ ಮಾಡ್ದೋರು, ಕಲ್ಲಿನ ಧೂಳು ಕುಡ್ದೂ ಕುಡ್ದೂ ಶ್ವಾಸಕೋಶ ಹೋಗಿತ್ತು, ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತೇ ಇರ್ತಿದ್ರು. ಆಗ ಹೊರಗಿಂದ ಬಂದ ಪ್ರಸಂಗಿ ಒಬ್ರು ಅಪ್ಪನ ಎದುರಿಗೇ ಈ ಮನೇಲಿ ಒಪ್ಕೊಳ್ದೇ ಇರೋ ಪಾಪ ಏನೋ ಇದೆ ಅಂದ್ರು. ಹುಟ್ಟು ಕುರುಡನ್ನ ನೋಡಿ ಯಾರ್ ಮಾಡಿದ ಪಾಪ ಅಂತ ಶಿಷ್ಯರು ಕೇಳ್ದಾಗ ಇವನೂ ಅಲ್ಲ ಇವನ ತಂದೆತಾಯಿನೂ ಅಲ್ಲ ಅಂತ ಯೇಸು ಹೇಳಿದ್ದು ಯೋಹಾನ 9ರಲ್ಲೇ ಇದೆ, ಅದನ್ನ ಅವತ್ತು ಯಾರೂ ಓದ್ಲಿಲ್ಲ. ನಾನು ಹನ್ನೊಂದು ವರ್ಷ ಸಭೆ ಮೆಟ್ಟಿಲು ಹತ್ತಲಿಲ್ಲ. ಬೈಬಲ್ಲಲ್ಲಿ ಮಕ್ಳು ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ನೆ ಜೊತೇಲಿ ಕೂತಿದ್ರಲ್ಲ, ಅಷ್ಟೊತ್ತೂ ಚೆನ್ನಾಗೇ ಇದ್ರು. ಬಾಯಿ ಬಿಟ್ಟು ಇದು ನಿನ್ ಪಾಪಕ್ಕೇ ಬಂದಿದ್ದು ಅಂದ್ಮೇಲೆ ಕೆಟ್ರು.

ಅದಕ್ಕೆ ಮೊದ್ಲು ಮನೆಗೆ ಹೋಗಿ. ಸಭೆ ಬಾಗಿಲಲ್ಲಿ ನಿಂತು ಹೇಳೋ ಉತ್ತರ ಅಲ್ಲ ಇದು.

ತುಮಕೂರು ಗೆಳೆಯ:
ನಾನು ಕ್ರಿಶ್ಚಿಯನ್ ಅಲ್ಲ, ತಪ್ಪಿದ್ರೆ ಕ್ಷಮಿಸಿ. ನಮ್ಮಮ್ಮ ಹೋದಾಗ ನನ್ ಕ್ರಿಶ್ಚಿಯನ್ ಫ್ರೆಂಡ್ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ಹನ್ನೊಂದನೇ ದಿನದ ಊಟ ಮುಗಿಸಿ ಕೂತಿದ್ದಾಗ ನಾನೇ ಕೇಳ್ದೆ, ನಿಮ್ ಪ್ರಕಾರ ಅಮ್ಮ ಎಲ್ಲೋ ಅಂತ. ಸ್ವಲ್ಪ ಹೊತ್ತು ಬಿಟ್ಟು "ನಂಗೊತ್ತಿಲ್ಲ ಕಣೋ, ನಾನು ಯೇಸುವನ್ನ ನಂಬ್ತೀನಿ, ಅದನ್ನ ನಿನ್ನಿಂದ ಮುಚ್ಚಿಡಲ್ಲ, ಆದ್ರೆ ಅಮ್ಮನ್ನ ನಾನು ಅಳೆಯೋಕಾಗಲ್ಲ, ಆತ ನನಗಿಂತ ಕರುಣೆ ಇರೋನು" ಅಂದ. ಸ್ವರ್ಗದಲ್ಲಿದಾರೆ ಬಿಡೋ ಅಂತ ಥಟ್ಟನೆ ಅಂದಿದ್ರೆ ನನ್ನ ಸಮಾಧಾನ ಮಾಡಕ್ಕೆ ಹೇಳ್ತಿದಾನೆ ಅನ್ಕೊಂಡ್ ಬಿಡ್ತಿದ್ದೆ. ಇವತ್ತಿಗೂ ನಾನು ಹಿಂದೂನೇ, ಏನೇ ಕಷ್ಟ ಬಂದ್ರೂ ಮೊದ್ಲು ಫೋನ್ ಹೋಗೋದು ಅವನಿಗೆ.

ಸತ್ಯವೇದ ವಿದ್ಯಾರ್ಥಿ:
ಹಿರಿಯರೇ, ನಿಮ್ಮ ತಂದೆ ವಿಷಯ ಓದಿ ಸಂಕಟ ಆಯ್ತು. ಆದ್ರೂ ಕೇಳ್ತೀನಿ, ಹಂಗಾದ್ರೆ ಸುವಾರ್ತೆ ಯಾಕೆ ಸಾರ್ಬೇಕು?

ಕೆಜಿಎಫ್ ಹಿರಿಯ:
ಒಳ್ಳೇ ಪ್ರಶ್ನೆ. ಅಪೊಸ್ತಲರ ಕೃತ್ಯಗಳು 10ರ ಕೊರ್ನೇಲ್ಯನ್ನ ನೋಡಿ. ರೋಮಿನ ಶತಾಧಿಪತಿ, ಅಂದ್ರೆ ಸೈನ್ಯದ ಅಧಿಕಾರಿ, ಅವನ ಪ್ರಾರ್ಥನೆ ದಾನಧರ್ಮ ಆಗ್ಲೇ ದೇವರಿಗೆ ಮುಟ್ಟಿತ್ತು ಅಂತ ದೇವದೂತನೇ ಹೇಳ್ತಾನೆ, ಆದ್ರೂ ದೇವರು ಯೇಸುವಿನ ಸುದ್ದಿ ಹೇಳಕ್ಕೆ ಪೇತ್ರನ್ನ ಅವನ ಮನೆಗೆ ಕಳಿಸಿದ. ಸಿಹಿ ಸುದ್ದಿ ಇದ್ರೆ ಹೇಳ್ಬೇಕು ತಮ್ಮಾ, ಹೆದರಿಸಕ್ಕಲ್ಲ. ನಿಮ್ಗೂ ನಂಗೂ ಇದರಲ್ಲಿ ಪೂರ್ತಿ ಒಮ್ಮತ ಬರ್ದೇ ಇರಬಹುದು, ಪರವಾಗಿಲ್ಲ.

ಶಿಡ್ಲಘಟ್ಟದ ಟೀಚರ್:
ಅಣ್ಣ, ನಿನ್ನೆ ಸಾಯಂಕಾಲ ಹೋಗಿದ್ದೆ. ಅವರಮ್ಮ ಟೀ ಇಟ್ರು, ಹುಡುಗಿ ಹುಳಕ್ಕೆ ಸೊಪ್ಪು ಹಾಕ್ತಿದ್ಲು, ನಾನೂ ಹಾಕ್ದೆ. ಮೊದ್ಲು ಅವತ್ತು ಮಾತು ತಪ್ಪಿಸ್ದೆ ಕಣಮ್ಮ, ಉತ್ತರ ಗೊತ್ತಿರಲಿಲ್ಲ, ಈಗ್ಲೂ ಪೂರ್ತಿ ಗೊತ್ತಿಲ್ಲ ಅಂತ ಒಪ್ಕೊಂಡೆ. ಆಮೇಲೆ ನೀವು ಬರೆದಿದ್ದನ್ನ ನನ್ ಮಾತಲ್ಲಿ ಹೇಳ್ದೆ, ಸಭೆಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇರೋದನ್ನೂ ಸೇರಿಸಿ. ಅಬ್ರಹಾಮ ದೇವರ ಹತ್ರ ಹಂಗೆಲ್ಲಾ ಕೇಳ್ಬೋದಾ ಅಂತ ಎರಡ್ ಸಲ ಕೇಳಿದ್ಲು. ಕೇಳಿದಾನೆ, ದೇವರು ಬೈಲಿಲ್ಲ ಅಂದೆ. ಆಗ ಅತ್ಲು, ಅಜ್ಜಿ ಹೋದ್ಮೇಲೆ ಮೊದಲ್ನೇ ಸಲ ಅಳ್ತಿರೋದು ಅಂದ್ರು ಅವರಮ್ಮ.

ಹೊರಡೋವಾಗ ಬಾಗಿಲ ತನಕ ಬಂದು "ಅಜ್ಜಿಗೋಸ್ಕರ ಪ್ರಾರ್ಥನೆ ಮಾಡ್ಬೋದಾ ಆಂಟಿ?" ಅಂದ್ಲು. ನಮ್ ಸಭೇಲಿ ಸತ್ತವರಿಗಾಗಿ ಪ್ರಾರ್ಥನೆ ಮಾಡೋ ಪದ್ಧತಿ ಇಲ್ಲ, ಕ್ಯಾಥೊಲಿಕ್ಕರು ಮಾಡ್ತಾರೆ. ಅಂಥಾ ಅಜ್ಜೀನ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋಣ ಬಾ ಅಂತ ಅಲ್ಲೇ ನಿಂತು ಇಬ್ರೂ ಪ್ರಾರ್ಥನೆ ಮಾಡಿದ್ವಿ, ಜಡೆ ಹಾಕಿದ್ದಕ್ಕೆ, ಸಭೆಗೆ ಕಳಿಸಿದ್ದಕ್ಕೆ. ಅವಳು ಕೇಳಿದ್ದಕ್ಕೆ ಮಾತ್ರ ಭಾನುವಾರ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಅಣ್ಣ, ಇದಕ್ಕೆ ನೀವೇನಂತೀರಾ?